ಹನ್ನೊಂದು ನಿಮಿಷದ ಠರಾವು

ಆ ಕಾಯ್ದೆ ಮಾಡಿದವರು ಕೆಟ್ಟವರಾಗಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಒಳ್ಳೆಯವರು, ಓದಿದವರು. ಸರಕಾರಿ ಆಸ್ಪತ್ರೆಯ ವಾರ್ಡು ಮುಚ್ಚುವವನಿಗೆ ಅಲ್ಲಿ ಮಲಗಿದವರ ನೋವು ಗೊತ್ತಿರುವುದಿಲ್ಲ, ಗೊತ್ತು ಮಾಡಿಸಿದರೆ ಅವನು ಮುಚ್ಚುವುದಿಲ್ಲ ಎಂದು ನಂಬಿದರು. ಪ್ರತಿ ಜಿಲ್ಲೆಯ ಆರೋಗ್ಯ ಮಂಡಳಿಗೂ ಒಂದೊಂದು ಯಂತ್ರ ಕೊಟ್ಟರು. ಕಾಗದದ ಮೇಲೆ ಅದರ ಹೆಸರು ಸಹವೇದಕ. ಬಿಳಿಗಲ್ಲು ಜಿಲ್ಲೆಯ ಜನ ಅದನ್ನು ಉರಿಪಟ್ಟಿ ಎಂದರು.

ರೋಗಿಯ ತಲೆಗೆ ಜಾಳಿಗೆಯಂಥ ಒಂದು ಟೊಪ್ಪಿಗೆ. ಮಂಡಳಿಯ ಸದಸ್ಯನ ಕುತ್ತಿಗೆಯ ಹಿಂದೆ, ಬೆನ್ನುಹುರಿ ತಲೆಗೆ ಸೇರುವ ಕಡೆ, ಎರಡು ಬೆರಳಗಲದ ಪಟ್ಟಿ. ಟೊಪ್ಪಿಗೆ ಒಬ್ಬರ ನರದ ಸುದ್ದಿ ಓದುತ್ತದೆ, ಪಟ್ಟಿ ಅದೇ ಸುದ್ದಿಯನ್ನು ಇನ್ನೊಬ್ಬರ ನರಕ್ಕೆ ಹೇಳುತ್ತದೆ. ಮೈಗೆ ಒಂದು ಗೀರೂ ಆಗುವುದಿಲ್ಲ. ನೋವು ಮಾತ್ರ ಪೂರಾ ಬರುತ್ತದೆ, ಅಲ್ಲಿ ಯಾವ ಗಳಿಗೆಗೋ ಇಲ್ಲಿಯೂ ಅದೇ ಗಳಿಗೆಗೆ.

ಯಾವುದೇ ಸೇವೆ ನಿಲ್ಲಿಸಲು ಠರಾವು ತಂದ ಸೂಚಕರು ಹನ್ನೊಂದು ನಿಮಿಷ ಈ ಪಟ್ಟಿ ಕಟ್ಟಿಕೊಂಡು ಕೂಡಬೇಕು. ಹನ್ನೊಂದು ನಿಮಿಷ ಮುಗಿದರೆ ಹಸಿರು ದೀಪ, ಠರಾವು ಪಾಸು. ನಡುವೆ ನಿಲ್ಲಿಸುವ ಗುಂಡಿ ಒತ್ತಿದರೆ ಠರಾವು ಬಿತ್ತು, ಐದು ವರ್ಷ ಆ ವಾರ್ಡಿನ ತಂಟೆಗೆ ಯಾರೂ ಹೋಗುವಂತಿಲ್ಲ. ಇಷ್ಟೇ ಇದ್ದಿದ್ದರೆ ರಾಜ್ಯದಲ್ಲಿ ಒಂದು ಮಂಚವೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಕಡತ ನಿಯಮ ಬರೆಯುವ ಅಧಿಕಾರಿಗಳ ಮೇಜಿಗೆ ಬಂತು. ನೋವಿನಲ್ಲಿ ಕೈ ಸೆಟೆದು ತಾನಾಗಿಯೇ ಒತ್ತಿಬಿಡಬಹುದು, ಅದನ್ನು ನಿರ್ಧಾರವೆನ್ನಲಾಗದು ಎಂದು ಅವರು ಷರಾ ಬರೆದರು. ಗುಂಡಿ ಸೂಚಕರ ಕೈತಪ್ಪಿ ಅನುಮೋದಕರ ಕೈಗೆ ಹೋಯಿತು. ನಾಲಿಗೆ ಕಚ್ಚಿಕೊಳ್ಳಬಾರದೆಂದು ಸೂಚಕರ ಬಾಯಿಗೆ ರಬ್ಬರು ಬಂತು. ನೋವು ತಿನ್ನುವವರು ಒಬ್ಬರು, ಸಾಕು ಅನ್ನುವವರು ಇನ್ನೊಬ್ಬರು. ಒಳ್ಳೆಯವರು ಮಾಡಿದ ಕಾಯ್ದೆಗೆ ಜಾಣರು ನಿಯಮ ಬರೆದರೆ ಹೀಗೆಯೇ ಆಗುತ್ತದೆ.

ಆದರೂ ಉಳಿದ ಜಿಲ್ಲೆಗಳಲ್ಲಿ ಠರಾವುಗಳು ಬಿದ್ದವು. ಪಕ್ಕದ ಜಿಲ್ಲೆಯ ಅಧ್ಯಕ್ಷ ಆರಡಿ ಆಳು, ಗರಡಿಯಲ್ಲಿ ಬೆಳೆದವನು. ನಲವತ್ತು ಸೆಕೆಂಡಿಗೆ ಕುರ್ಚಿಯಲ್ಲೇ ಉಚ್ಚೆ ಹೊಯ್ದುಕೊಂಡ. ಅವನ ಅನುಮೋದಕ ಹೆದರಿ ಗುಂಡಿ ಒತ್ತಿದ. ಬಿಳಿಗಲ್ಲಿನಲ್ಲಿ ಮಾತ್ರ ಎರಡು ವರ್ಷದಲ್ಲಿ ನಾಲ್ಕು ಠರಾವು ಪಾಸಾದವು. ರಾಜಧಾನಿಯವರು ಕರೆದು 'ದಿಟ್ಟ ಮಂಡಳಿ' ಎಂದು ಫಲಕ ಕೊಟ್ಟರು. ಅದಕ್ಕೆ ಕಾರಣ ಶಿವಲೀಲಾ.

ಶಿವಲೀಲಾ ಕಲ್ಲೂರ ಮಂಡಳಿಯ ಅಧ್ಯಕ್ಷೆ. ಆ ಸಲ ಕುರ್ಚಿ ಹೆಂಗಸರಿಗೆ ಮೀಸಲಾಗಿತ್ತು, ಗಂಡ ಅಂದಾನಪ್ಪ ಅವಳನ್ನು ತಂದು ಕೂರಿಸಿದ. ತಾನು ನಾಮನಿರ್ದೇಶಿತ ಸದಸ್ಯನಾಗಿ ಬಂದು ಅವಳ ಬಲಗಡೆಯ ಕುರ್ಚಿ ಹಿಡಿದ. ಸಭೆಯಲ್ಲಿ ಮಾತಾಡುವವನು ಅವನು, ಸಹಿ ಮಾಡುವವಳು ಅವಳು. ಅಧಿಕಾರಿಗಳು ಅವಳಿಗೆ ನಮಸ್ಕಾರ ಮಾಡಿ ಅವನ ಕಡೆ ತಿರುಗಿ ವಿಷಯ ಹೇಳುತ್ತಿದ್ದರು. ಇದನ್ನು ವಿಚಿತ್ರ ಎಂದವರು ಯಾರೂ ಇಲ್ಲ, ಎಲ್ಲ ಕಡೆ ನಡೆಯುವುದೇ. ಸೂಚಕಿ ಎಂದು ಅವಳ ಹೆಸರು ಬರೆಸುತ್ತಿದ್ದ, ಅನುಮೋದಕ ಎಂದು ತನ್ನದು. ಪಟ್ಟಿ ಅವಳ ಕುತ್ತಿಗೆಗೆ, ಗುಂಡಿ ಅವನ ಕೈಗೆ.

ಮೊದಲನೆಯದು ಹನ್ನೆರಡು ಹಳ್ಳಿಗಳ ಹೆರಿಗೆ ಕೋಣೆಗಳನ್ನು ಮುಚ್ಚುವ ಠರಾವು. ಹೆರಿಗೆ ನೋವು ಅವಳಿಗೆ ಹೊಸದಲ್ಲ. ಚೊಚ್ಚಿಲು ಹೆರಿಗೆಯಲ್ಲಿ ಅವಳ ತಾಯಿಯೇ ಸೀರೆಯ ಸೆರಗು ಬಾಯಿಗೆ ತುರುಕಿ, "ಹೊರಗ ಗಂಡಸ್ರು ಕುಂತಾರ, ದನಿ ಹೊರಬೀಳಬಾರ್ದು" ಎಂದಿದ್ದಳು. ಬೀಳಲಿಲ್ಲ. ಉರಿಪಟ್ಟಿಯ ಕುರ್ಚಿಯಲ್ಲೂ ಬೀಳಲಿಲ್ಲ. ಎರಡನೆಯದು ಮುರಿದ ತೊಡೆ, ಮೂರನೆಯದು ಮೂತ್ರದ ಕಲ್ಲು. ಪ್ರತಿ ಸಲವೂ ಎದ್ದು ಬಂದು, ಮುಖ ತೊಳೆದು, ಮನೆಗೆ ಹೋಗಿ ರೊಟ್ಟಿ ಬಡಿದಳು. ಪತ್ರಿಕೆಯವರು 'ತಾಳ್ಮೆಯ ತಾಯಿ' ಎಂದು ಅಡ್ಡ ಹೆಡ್ಡಿಂಗು ಹಾಕಿದರು. ತಾಳಿದವನು ಬಾಳಿಯಾನು ಎನ್ನುತ್ತಾರೆ. ಬಿಳಿಗಲ್ಲಿನಲ್ಲಿ ತಾಳಿದವಳು ಒಬ್ಬಳು, ಬಾಳಿದವರು ಬೇರೆ, ಸತ್ತವರು ಮತ್ತೂ ಬೇರೆ.

ನಾಲ್ಕನೆಯದು ಕ್ಯಾನ್ಸರಿನವರಿಗೆ ಕೊನೆಗಾಲದಲ್ಲಿ ನೋವಿನ ಔಷಧಿ ಕೊಡುವ ಘಟಕ. ನಾಲ್ಕನೇ ನಿಮಿಷಕ್ಕೆ ಶಿವಲೀಲಾಳಿಗೆ ತಾನು ಯಾರೆಂಬುದು ಮರೆಯಿತು. ಜನ್ಮದಲ್ಲಿ ಮೊದಲ ಸಲ ಗಂಡನ ಕಣ್ಣಿಗೆ ಕಣ್ಣು ಹಾಕಿ ಬೇಡಿದಳು. ಅವನು ನೋಡಿದ. ನೋಡಿ, ಎಡಗೈಯಲ್ಲಿ ಗುಂಡಿ ಹಿಡಿದುಕೊಂಡೇ ಬಲಗೈಯಿಂದ ಮೋಸಂಬಿಯ ತೊಳೆ ಬಾಯಿಗೆ ಹಾಕಿಕೊಂಡು ಬೀಜ ಉಗುಳಿದ. ಇನ್ನೂ ಏಳು ನಿಮಿಷ ಇತ್ತು.

ಅವತ್ತು ಜೀಪಿನಲ್ಲಿ ಬರುವಾಗ ಅವನೇ ಆ ಮಾತು ತೆಗೆದ. "ನಡುವ ಕಣ್ಣು ಮ್ಯಾಲೆ ಮಾಡಿದ್ದಿ ನೋಡು. ನಾ ಒತ್ತಿದ್ದಿದ್ರ ನಿನ್ನ ಮಾನಾನ ಹೋಗ್ತಿತ್ತು."

ಅವಳು ಹೂಂ ಎಂದಿದ್ದಳು.

ಐದನೆಯ ಠರಾವಿನ ಮಾತು ಬಂದದ್ದು ಒಂದು ಬೆಳಿಗ್ಗೆ, ಒಲೆಯ ಮುಂದೆ. ಜಿಲ್ಲಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡು ಮುಚ್ಚಿ, ಕಟ್ಟಡವನ್ನು ಅಂದಾನಪ್ಪನ ಸೋದರಮಾವನ ಮಗ ನಡೆಸುವ ನರ್ಸಿಂಗ್ ಕಾಲೇಜಿಗೆ ಕೊಡುವುದು. ಅಂದಾನಪ್ಪ ರೊಟ್ಟಿ ಮುರಿಯುತ್ತ ಹೇಳಿದ: "ಈ ಸಲ ನಾನ ಸೂಚಕ."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. "ನೀವ ಕೂಡ್ತೀರಿ?"

"ಯಾಕ, ಕೂಡಬಾರ್ದನು? ರಾಜ್ಯ ಮಂಡಳಿಗೆ ಹೋಗಬೇಕಂದ್ರ ಸ್ವಂತ ಹೆಸರಿನ್ಯಾಗ ಒಂದರ ಠರಾವು ಪಾಸ್ ಮಾಡಿರಬೇಕಂತ. ಇಷ್ಟು ದಿನ ಎಲ್ಲಾ ನಿನ್ನ ಹೆಸರಿಗೆ ಬರಸಿ ಕುಂತೆ. ಪೇಪರಿನ್ಯಾಗ ನಿನ್ನ ಫೋಟೋ, ನಾ ಮಗ್ಗಲಿನ ಉಪ್ಪಿನಕಾಯಿ."

"ಸುಟ್ಟಗಾಯದ್ದ್ರೀ ಅದು. ನಿಮಗ ತಡಿಯೂದಿಲ್ಲ."

ಅವನು ನಕ್ಕ. ನಿಜವಾಗಿ ನಗು ಬಂದಿತ್ತು. "ನೀ ತಡದಿಲ್ಲೇನು ನಾಕ್ ಸಲ? ಒಂದು ಉಸುರರ ಬಿಟ್ಟೇನು? ಬಂದು ಸಂಜೀಕ ರೊಟ್ಟಿ ಬಡದಿ. ಹೆಣ್ಮಗಳು ತಡಕೊಳ್ಳೂ ಅಂಥಾದ್ದು ಗಂಡಸಿಗೆ ಏನ್ ಮಹಾ. ಆ ಗರಡಿ ಮಂದಿಗೆ ಮೈ ಐತಿ, ಗುಂಡಿಗಿ ಇಲ್ಲ."

ಇಪ್ಪತ್ತೇಳು ವರ್ಷ ಅವಳು ಬಾಯಿ ಬಿಡದೆ ಬಾಳ್ವೆ ಮಾಡಿದ್ದಕ್ಕೆ ಅವನು ಕಲಿತ ಪಾಠ ಇದು.

"ನೀ ಅನುಮೋದಕಿ. ಗುಂಡಿ ನಿನ್ನ ಕೈಯಾಗ," ಎಂದ. "ನಾ ಹೆಂಗರ ಮಾಡ್ಲಿ, ಕಣ್ಣು ತಿರುವ್ಲಿ, ಕಾಲು ಬಡೀಲಿ, ಒತ್ತಬ್ಯಾಡ. ಒತ್ತಿದಿ ಅಂದ್ರ ಊರಾಗ ನಾ ತಲಿ ಎತ್ತಿ ಅಡ್ಡಾಡೂಹಂಗಿಲ್ಲ."

"ಹೂಂ," ಎಂದಳು. ರೊಟ್ಟಿ ತಿರುವಿ ಹಾಕಿದಳು. ಬೇಡ ಎಂದರೆ ಇನ್ನೊಬ್ಬ ಸದಸ್ಯ ಅನುಮೋದಕನಾಗುತ್ತಾನೆ, ಗುಂಡಿ ಅವನ ಕೈಗೆ ಹೋಗುತ್ತದೆ, ವಾರ್ಡು ಹೋಗುತ್ತದೆ. ಹೂಂ ಎಂದರೆ ಗುಂಡಿ ತನ್ನ ಕೈಯಲ್ಲಿ. ಎರಡು ವರ್ಷದಲ್ಲಿ ಮೊದಲ ಸಲ ಆ ಮಂಡಳಿಯ ಒಂದು ನಿರ್ಧಾರ ಅಧ್ಯಕ್ಷೆಯ ಕೈಗೆ ಬಂದಿತ್ತು.

ಮಧ್ಯಾಹ್ನ ಅವಳೊಬ್ಬಳೇ ವಾರ್ಡಿಗೆ ಹೋದಳು. ಒಂಬತ್ತು ಮಂಚ, ಒಂಬತ್ತು ಸೊಳ್ಳೆಪರದೆ. ಒಂಬತ್ತೂ ಹೆಂಗಸರು. ಸುಟ್ಟುಕೊಳ್ಳುವ ಗಂಡಸರು ಆ ಜಿಲ್ಲೆಯಲ್ಲಿ ಕಡಿಮೆ. ಹಿರಿಯ ಸಿಸ್ಟರ್ ಎಸ್ತೇರಮ್ಮ ಇಪ್ಪತ್ತು ವರ್ಷದಿಂದ ಅಲ್ಲಿಯೇ ಇದ್ದವಳು, ಯಾರ ಮುಲಾಜಿಗೂ ಬೀಳದವಳು.

"ಬರ್ರಿ ಅಧ್ಯಕ್ಷರ," ಎಂದಳು. "ಅಳತಿ ತಗೊಂಡು ಹೋಗಾಕ ಬಂದ್ರೇನು?"

"ಮುಚ್ಚಿದ್ರ ಇವರು ಎಲ್ಲಿಗೆ ಹೋಗ್ತಾರ, ಸಿಸ್ಟರ್?"

"ವಿಭಾಗದ ಆಸ್ಪತ್ರಿಗೆ. ನೂರಾ ಅರವತ್ತು ಕಿಲೋಮೀಟರ್. ಸುಟ್ಟ ಮೈಯಾಗಿನ ನೀರು ದಾರಿಯಾಗ ಸೋರಿ ಹೋಗ್ತದ. ಮುಟ್ಟಿದವರು ಮುಟ್ಟಿದ್ರು, ಇಲ್ಲಾ ಇಲ್ಲ."

ಮೂರನೆಯ ಮಂಚದಲ್ಲಿ ಹುಲಿಗೆವ್ವ. ಇಪ್ಪತ್ತನಾಲ್ಕು ವರ್ಷ. ಕುತ್ತಿಗೆಯಿಂದ ಪಾದದವರೆಗೆ ಬ್ಯಾಂಡೇಜು, ಮುಖ ಅರ್ಧ ಉಳಿದಿತ್ತು. ಸ್ಟೋವ್ ಸಿಡಿಯಿತು ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರು. ಅವರ ಮನೆಯಲ್ಲಿ ಸ್ಟೋವೇ ಇರಲಿಲ್ಲ. ಗಂಡ ಎರಡು ಸಲ ಬಂದು, ಹೇಳಿಕೆ ಬದಲಾಗಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಂಡು ಹೋಗಿದ್ದ. ದಿನಾ ಹತ್ತು ಗಂಟೆಗೆ ಬ್ಯಾಂಡೇಜು ನೆನೆಸಿ ಬಿಚ್ಚಿ ಗಾಯ ತೊಳೆಯುವಾಗ ಅವಳು ಒದರುತ್ತಿರಲಿಲ್ಲ. ಹಲ್ಲು ಕಚ್ಚಿ ಚಾವಣಿ ನೋಡುತ್ತಿದ್ದಳು. ಅದನ್ನು ಸಿಸ್ಟರ್ ಬಾಯಿಂದ ಕೇಳಿ ಶಿವಲೀಲಾಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ನಿನಗ ಟೊಪ್ಪಿಗಿ ಹಾಕ್ತಾರವಾ, ತೊಳಿಯೂವಾಗ. ನಿನ್ನ ನೋವು ಇನ್ನೊಬ್ಬರಿಗೆ ಹೋಗ್ತದ. ಒಲ್ಲೆ ಅಂದ್ರ ಬ್ಯಾಡ."

"ಹೋದ್ರ ನನಗ ಕಮ್ಮಿ ಆಗ್ತದೇನ್ರಿ?"

"ಇಲ್ಲ."

"ಹೆಚ್ಚಿಗಿ?"

"ಅದೂ ಇಲ್ಲ."

"ಹಂಗಾದ್ರ ಹಾಕ್ರಿ. ಒಬ್ಬರಿಗಾರ ತಿಳೀಲಿ," ಎಂದಳು ಹುಲಿಗೆವ್ವ. ಆಮೇಲೆ, "ಯಾರಿಗ್ರಿ?"

"ನಮ್ಮನಿಯವರಿಗೆ."

ಹುಲಿಗೆವ್ವ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು.

"ಒಂದ ನಿಮಿಷಕ್ಕ ನಾ ಗುಂಡಿ ಒತ್ತತೀನಿ," ಎಂದಳು ಶಿವಲೀಲಾ, ಹುಲಿಗೆವ್ವನ ಸುಡದೆ ಉಳಿದ ಎಡಗೈಯ ಮೇಲೆ ಕೈಯಿಟ್ಟು. "ಆಣಿ ಮಾಡಿ ಹೇಳ್ತೀನಿ. ಒತ್ತಿದ ಮ್ಯಾಲೆ ಐದು ವರ್ಷ ಈ ಮಂಚ ಯಾರೂ ಅಳ್ಳಾಡ್ಸೂಹಂಗಿಲ್ಲ."

ಎಸ್ತೇರಮ್ಮ ಬೆನ್ನು ತಿರುಗಿಸಿ ಔಷಧಿ ಬಟ್ಟಲು ಜೋಡಿಸುತ್ತಿದ್ದಳು. "ನೋಡೂಣು," ಎಂದಳಷ್ಟೇ.

ಗುರುವಾರ ಹತ್ತು ಗಂಟೆಗೆ ಜಿಲ್ಲಾ ಆಸ್ಪತ್ರೆಯ ಸಭಾಂಗಣದಲ್ಲಿ ಮಂಡಳಿಯ ಏಳೂ ಜನ ಸೇರಿದರು. ಕಾರ್ಯದರ್ಶಿ ವಿಷಯಪಟ್ಟಿ ಓದಿದರು. ಸೂಚಕರು ಅಂದಾನಪ್ಪ ಕಲ್ಲೂರ, ಅನುಮೋದಕರು ಶಿವಲೀಲಾ ಕಲ್ಲೂರ. ವಿರೋಧ ಇಲ್ಲ. ಐದು ನಿಮಿಷವೂ ಹಿಡಿಯಲಿಲ್ಲ.

"ಹೊಟ್ಟಿ ಗಟ್ಟಿ ಮಾಡ್ಕೊಂಡ್ ಬಂದೀರೇನ್ರಿ ಸಾಹೇಬ್ರ?" ಎಂದ ಒಬ್ಬ ಸದಸ್ಯ.

"ಈಗ ಮುಗಿಸಿ ಬರ್ತೀನಿ, ತಡಕೊಳ್ರಿ. ಮಿರ್ಚಿ ಮಂಡಕ್ಕಿ ಹೇಳಿಟ್ಟೀನಿ, ಆರಬಾರ್ದು."

ಎಲ್ಲರೂ ನಕ್ಕರು. ಗಂಡ ಹೆಂಡತಿ ಯಂತ್ರದ ಕೋಣೆಗೆ ಹೋದರು.

ಚಿಕ್ಕ ಕೋಣೆ. ನಡುವೆ ತೋಳಿಗೂ ಕಾಲಿಗೂ ಪಟ್ಟಿಯಿದ್ದ ಕುರ್ಚಿ, ಎದುರಿಗೆ ಸ್ಟೂಲು, ಗೋಡೆಯ ಮೇಲೆ ಗಡಿಯಾರ. ಒಂದು ಕಡೆ ಗಾಜಿನ ಕಿಟಕಿ, ಅದರಾಚೆ ಡ್ರೆಸಿಂಗ್ ಕೋಣೆ. ಅಲ್ಲಿ ಹುಲಿಗೆವ್ವ ಅಂಗಾತ ಮಲಗಿದ್ದಳು, ತಲೆಗೆ ಟೊಪ್ಪಿಗೆ. ಎಸ್ತೇರಮ್ಮ ಬ್ಯಾಂಡೇಜಿಗೆ ಉಪ್ಪುನೀರು ಹನಿಸುತ್ತಿದ್ದಳು. ಯಂತ್ರ ನಡೆಸುವ ಫರ್ಜಾನಾ ಅಂದಾನಪ್ಪನ ಕೈಕಾಲು ಬಿಗಿದು, ಬಾಯಿಗೆ ರಬ್ಬರಿಟ್ಟು, ಕುತ್ತಿಗೆಯ ಹಿಂದೆ ಪಟ್ಟಿ ಅಂಟಿಸಿದಳು. ಶಿವಲೀಲಾಳ ಕೈಗೆ ಗುಂಡಿ ಕೊಟ್ಟಳು. ಕಂದು ಬಣ್ಣದ ಗುಂಡಿ, ಕರೆಗಂಟೆಯ ಗುಂಡಿಯಷ್ಟು ದೊಡ್ಡದು.

"ಮೇಡಂ, ನೀವು ಅದನ್ನ ಎಂದೂ ಹಿಡಿದಿದ್ದಿಲ್ಲಲ," ಎಂದಳು. "ಜೋರು ಒತ್ತೂದು ಬ್ಯಾಡ, ಮುಟ್ಟಿದ್ರ ಸಾಕು."

ಅಂದಾನಪ್ಪ ಹೆಂಡತಿಗೆ ಹುಬ್ಬು ಹಾರಿಸಿದ. ನೋಡು ಹೆಂಗ ಕೂಡ್ತೀನಿ ಎಂಬಂತೆ.

ಎಸ್ತೇರಮ್ಮ ಮೊದಲ ಪದರ ಎಳೆದಳು. ಗಡಿಯಾರ ಶುರುವಾಯಿತು.

ಅವನ ಹುಬ್ಬು ಇಳಿಯಲೇ ಇಲ್ಲ, ಹಾರಿಸಿದಲ್ಲೇ ನಿಂತಿತು. ಆಮೇಲೆ ಮುಖ ಪೂರಾ ಬೇರೆಯವನದಾಯಿತು. ಗಂಟಲಿನಿಂದ ಬಂದ ದನಿ ರಬ್ಬರಿನಲ್ಲಿ ಸಿಕ್ಕಿಕೊಂಡಿತು. ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು. ಶಿವಲೀಲಾ ಗಡಿಯಾರ ನೋಡಿದಳು: ಇಪ್ಪತ್ತೆರಡು ಸೆಕೆಂಡು. ನಲವತ್ತಕ್ಕೆ ಅವನ ಕಣ್ಣು ಅವಳನ್ನು ಹುಡುಕಿ ಹಿಡಿಯಿತು. ಆ ನೋಟ ಏನು ಹೇಳುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ನಿಮಿಷ ಆಯಿತು. ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಬೇಕು, ಅದಕ್ಕೇ ಬಂದಿದ್ದಳು.

ಅರ್ಧ ನಿಮಿಷ ತಡೆಯಲಿ ಎನಿಸಿತು. ಅರ್ಧ ನಿಮಿಷದಲ್ಲಿ ವಾರ್ಡು ಎಲ್ಲಿಗೂ ಓಡಿಹೋಗುವುದಿಲ್ಲ. ಅರ್ಧ ನಿಮಿಷ ಹೆರಿಗೆಯದಕ್ಕೆ. ಆಯಿತು. ತೊಡೆ ಮುರಿದದ್ದಕ್ಕೆ ಇನ್ನೊಂದು. ಮೂತ್ರದ ಕಲ್ಲಿಗೆ ಮತ್ತೊಂದು. ತಾನು ಕುರ್ಚಿಯಿಂದೆದ್ದು ಗೋಡೆ ಹಿಡಿದು ಹೊರಗೆ ಬಂದಾಗ ಇವನು ಕೈಗಡಿಯಾರ ನೋಡಿ, ಸಭೆಗೆ ತಡವಾಯಿತು ಎಂದಿದ್ದನಲ್ಲ, ಅದಕ್ಕೊಂದು. ಮೂರು ನಿಮಿಷ. ಅವನ ಮೂಗಿನಿಂದ ಸಿಂಬಳ ಹರಿದು ರಬ್ಬರಿನ ಮೇಲೆ ಇಳಿಯುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವನು ಅವಳನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲ.

ನಾಲ್ಕನೇ ನಿಮಿಷ. ಇದನ್ನು ಪೂರಾ ಕೊಡಬೇಕು ಎಂದುಕೊಂಡಳು. ಕೊಟ್ಟಳು.

"ಮೇಡಂ, ಅವರಿಗೆ ಆಗವಲ್ದು," ಎಂದಳು ಫರ್ಜಾನಾ ಆರನೇ ನಿಮಿಷಕ್ಕೆ. "ಒತ್ರಿ."

"ಒತ್ತಬ್ಯಾಡ ಅಂತ ಅವರ ಹೇಳ್ಯಾರ," ಎಂದಳು ಶಿವಲೀಲಾ. ದನಿ ತನ್ನದೇ, ಆದರೆ ತಣ್ಣಗಿತ್ತು.

ಗಾಜಿನಾಚೆ ಎಸ್ತೇರಮ್ಮ ತಲೆ ಎತ್ತಿದಳು. ಕೈಯಲ್ಲಿ ಚಿಮಟ, ಅದರ ತುದಿಗೆ ಬಟ್ಟೆ, ಬಟ್ಟೆಗೆ ಅಂಟಿಕೊಂಡ ಚರ್ಮ. ಗಡಿಯಾರ ನೋಡಿದಳು, ಶಿವಲೀಲಾಳ ಹೆಬ್ಬೆರಳು ನೋಡಿದಳು. ಅವಳ ಕಣ್ಣು ಕೇಳುವುದನ್ನು ಕೇಳಿತು. ತೊಳೆಯುವುದನ್ನು ಅವಳು ನಡುವೆ ನಿಲ್ಲಿಸುವಂತಿರಲಿಲ್ಲ, ಗಾಯ ತೆರೆದುಬಿಟ್ಟಿತ್ತು. ಮತ್ತೆ ಬಗ್ಗಿದಳು. ಹುಲಿಗೆವ್ವ ಚಾವಣಿ ನೋಡುತ್ತಿದ್ದಳು. ಅವಳಿಂದ ಹೊರಟದ್ದೆಲ್ಲ ಈ ಕುರ್ಚಿಗೆ ಬಂದು ಸೇರುತ್ತಿತ್ತು, ಅವಳಿಗೆ ಮಾತ್ರ ಒಂದು ಹನಿಯೂ ಕಡಿಮೆಯಾಗುತ್ತಿರಲಿಲ್ಲ.

ಎಂಟು. ಒಂಬತ್ತು. ಈಗ ಒತ್ತಿದರೂ ಠರಾವು ಬೀಳುತ್ತದೆ, ಇನ್ನೂ ಹೊತ್ತಿದೆ. ಹತ್ತು. ಹೆಬ್ಬೆರಳು ಅಲ್ಲೇ ಇತ್ತು. ಅಂದಾನಪ್ಪ ಅವಳನ್ನು ನೋಡುವುದನ್ನು ಬಿಟ್ಟುಬಿಟ್ಟಿದ್ದ. ಕಣ್ಣು ಮೇಲೆ ಹೋಗಿ ಬೆಳ್ಳಗೆ ಕಾಣುತ್ತಿತ್ತು. ಇನ್ನೊಂದು ಸಲ ನನ್ನ ಕಡೆ ನೋಡಲಿ, ಒತ್ತುತ್ತೇನೆ ಎಂದುಕೊಂಡಳು. ಒಂದೇ ಸಲ. ಬಗ್ಗಿ ಅವನ ಮುಖದ ಹತ್ತಿರ ಮುಖ ಒಯ್ದಳು. "ನೋಡ್ರಿ," ಎಂದಳು ಮೆಲ್ಲಗೆ. "ಈ ಕಡೆ ನೋಡ್ರಿ."

ಅವನು ನೋಡಲಿಲ್ಲ.

ಹಸಿರು ದೀಪ ಹತ್ತಿತು.

ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಇಬ್ಬರು ಅಂದಾನಪ್ಪನ ಕಂಕುಳಿಗೆ ಕೈಹಾಕಿ ಕರೆತಂದು ಕೂರಿಸಿ ಹಾರ ಹಾಕಿದರು. ಹಾರ ಮುಟ್ಟಿದಾಗ ಅವನು ಬೆಚ್ಚಿ ಹಿಂದಕ್ಕೆ ಸರಿದ. ಮಿರ್ಚಿ ಬಂತು, ಅವನು ಮುಟ್ಟಲಿಲ್ಲ, ಉಳಿದವರು ತಿಂದರು. ಕಾರ್ಯದರ್ಶಿ ಠರಾವಿನ ಪುಸ್ತಕ ಶಿವಲೀಲಾಳ ಮುಂದೆ ತಂದಿಟ್ಟರು. ಸಹಿ ಮಾಡದೆ ಅವಳಿಗೆ ದಾರಿಯಿರಲಿಲ್ಲ. ಹಸಿರು ದೀಪ ಹತ್ತಿದ ಮೇಲೆ ಅಧ್ಯಕ್ಷರ ಸಹಿ ಬರೀ ಶಾಸ್ತ್ರ. ಮಾಡಿದಳು.

ಅಂದಾನಪ್ಪನಿಗೆ ಸುಟ್ಟವರ ನೋವು ಏನೆಂದು ಕೊನೆಗೂ ಗೊತ್ತಾಯಿತು. ಕಾಯ್ದೆ ಮಾಡಿದ ಒಳ್ಳೆಯವರು ಬಯಸಿದ್ದು ಅದನ್ನೇ. ಗೊತ್ತಾದದ್ದರಿಂದ ಏನೂ ಆಗಲಿಲ್ಲ. ಆರು ತಿಂಗಳಲ್ಲಿ ರಾಜ್ಯ ಮಂಡಳಿಗೆ ಹೋದವನು ಅಲ್ಲಿ ಮೊದಲು ಮಂಡಿಸಿದ್ದು ಒಂದೇ ತಿದ್ದುಪಡಿ: ಹನ್ನೊಂದು ನಿಮಿಷವನ್ನು ಅರ್ಧ ನಿಮಿಷಕ್ಕೆ ಇಳಿಸುವುದು. ಅದಕ್ಕೂ ವಿರೋಧ ಬರಲಿಲ್ಲ.

ಆದರೆ ಅದು ಆಮೇಲಿನ ಮಾತು. ಠರಾವು ಪಾಸಾದ ನಾಲ್ಕನೇ ದಿನ, ಸೋಮವಾರ, ವಾರ್ಡು ಖಾಲಿ ಮಾಡಿಸಿದರು. ಶಿವಲೀಲಾ ಹೋದಳು. ಹೋಗಬೇಡ ಎನ್ನುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಂದಾನಪ್ಪ ನಾಲ್ಕು ದಿನದಿಂದ ಒಳಕೋಣೆ ಬಿಟ್ಟು ಹೊರಬಂದಿರಲಿಲ್ಲ.

ಎರಡು ಆಂಬುಲೆನ್ಸು ಬಂದಿದ್ದವು, ಒಂಬತ್ತು ಜನರಿಗೆ. ಎಸ್ತೇರಮ್ಮ ಸಲೈನ್ ಬಾಟಲಿ ಕಟ್ಟುತ್ತಿದ್ದಳು. ಶಿವಲೀಲಾ ಪಕ್ಕದಲ್ಲಿ ಹೋಗಿ ನಿಂತಾಗ ತಲೆ ಎತ್ತಲಿಲ್ಲ.

"ಗುಂಡಿ ಕೆಟ್ಟಿತ್ತೇನ್ರಿ ಅಕ್ಕಾರ?" ಎಂದು ಕೇಳಿದಳು. ಹೌದು ಎಂದಿದ್ದರೆ ನಂಬಲು ತಯಾರಿದ್ದಳು, ನಂಬುವ ಮನಸ್ಸಿತ್ತು.

"ಇಲ್ಲ," ಎಂದಳು ಶಿವಲೀಲಾ. "ಕೆಟ್ಟಿದ್ದಿಲ್ಲ."

ಎಸ್ತೇರಮ್ಮ ಗಂಟು ಬಿಗಿದು ಮುಂದಿನ ಬಾಟಲಿಗೆ ಹೋದಳು.

ಹುಲಿಗೆವ್ವನ ಸ್ಟ್ರೆಚರು ಬಾಗಿಲ ಹತ್ತಿರ ಕಾಯುತ್ತಿತ್ತು. ಶಿವಲೀಲಾ ಬಗ್ಗಿದಳು. ಕಾಲಿಗೆ ಬೀಳಬೇಕೆಂದುಕೊಂಡು ಬಂದಿದ್ದಳು. ಕಾಲು ಎಲ್ಲಿ ಮುಟ್ಟಬೇಕೆಂದು ತಿಳಿಯಲಿಲ್ಲ.

"ಎಷ್ಟೊತ್ತು ಕುಂತಿದ್ರೀ ನಿಮ್ಮನಿಯವ್ರು?" ಎಂದಳು ಹುಲಿಗೆವ್ವ.

"ಪೂರಾ."

"ಹನ್ನೊಂದೂ?"

"ಹನ್ನೊಂದೂ."

ಹುಲಿಗೆವ್ವ ಕಣ್ಣು ಅವಳ ಕಡೆ ಹೊರಳಿಸಿದಳು. "ಅತ್ರೇನು?"

"ಅತ್ರು. ಸಣ್ಣ ಹುಡುಗರಂಗ."

ಹುಲಿಗೆವ್ವನ ಅರ್ಧ ಮುಖ ನಕ್ಕಿತು. ತುಟಿಯ ತುದಿಯಲ್ಲಿ ಹೊಸದಾಗಿ ಕೂಡಿದ ಚರ್ಮ ಬಿರಿದು ರಕ್ತ ಬಂತು, ಆದರೂ ನಗು ನಿಲ್ಲಲಿಲ್ಲ. "ಛಲೋ ಆತು ಬಿಡ್ರಿ," ಎಂದಳು. "ಭಾಳ ಛಲೋ ಆತು." ಶಿವಲೀಲಾಳಿಗೂ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಸ್ಟ್ರೆಚರು ಎತ್ತಲು ಬಂದವರು ಇಬ್ಬರನ್ನೂ ದೆವ್ವ ಕಂಡವರ ಹಾಗೆ ನೋಡಿದರು.

ಮಧ್ಯಾಹ್ನ ಎರಡು ಗಂಟೆಗೆ ಎಸ್ತೇರಮ್ಮ ಫೋನು ಮಾಡಿದಳು. ಇಬ್ಬರು ಮುಟ್ಟಲಿಲ್ಲ, ಹುಲಿಗೆವ್ವ ಮೊದಲು ಹೋದವಳು, ತೊಂಬತ್ತನೇ ಕಿಲೋಮೀಟರಿನಲ್ಲಿ. ಇಷ್ಟು ಹೇಳಿ, ಶಿವಲೀಲಾ ಮಾತಾಡುವುದಕ್ಕೆ ಮೊದಲೇ ಇಟ್ಟುಬಿಟ್ಟಳು.

ಒಳಗಿನಿಂದ ಅಂದಾನಪ್ಪ ನೀರು ಕೇಳಿದ. ಮೊದಲಾದರೆ ಹೆಸರು ಹಿಡಿದು ಕೂಗುತ್ತಿದ್ದ, ಈಗ ಬರೀ "ನೀರು" ಎನ್ನುತ್ತಿದ್ದ, ಯಾರನ್ನೂ ಕರೆಯದೆ. ಅವಳು ತಂಬಿಗೆ ತುಂಬಿ ಒಳಗೆ ಹೋದಳು. ಹಾಸಿಗೆಯ ಪಕ್ಕ ನಿಂತಾಗ ಅವನು ಗೋಡೆಗೆ ಸರಿದ. ಕೈ ಚಾಚಿದ. ಅವನ ಬೆರಳು ಇನ್ನೇನು ತಂಬಿಗೆ ಮುಟ್ಟಬೇಕು, ಅಷ್ಟರಲ್ಲಿ ಶಿವಲೀಲಾ ಅದನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಎಳೆದುಕೊಂಡು, ಅವನು ತಲೆ ಎತ್ತಿ ತನ್ನ ಕಣ್ಣು ನೋಡುವವರೆಗೆ ಹಾಗೇ ಹಿಡಿದು ನಿಂತಳು.